ನಮ್ಮ ಓಣಿಗೆ ಯಾರೂ ಬಂದಿಲ್ಲ, ಹಾಗಾದರೆ ಈ ಶೇ 57 ಎಲ್ಲಿಂದ ಬಂತು?

ಗುಮ್ಮಟದ ನೆರಳು (ವಿಜಯಪುರ)

ಎಲ್ಲರಿಗೂ ನಮಸ್ಕಾರ. ನಮ್ಮ ವೈನಿಗೆ (ಅಣ್ಣನ ಹೆಂಡತಿ) ಈಗ ಆರು ತಿಂಗಳು. ಕಳೆದ ಸೋಮವಾರ ಸಿಸ್ಟರ್ ಬೆರಳು ಚುಚ್ಚಿ ನೋಡಿ ರಕ್ತ, ಅಂದರೆ ಹಿಮೋಗ್ಲೋಬಿನ್, 8.4 ಗ್ರಾಂ ಇದೆ ಅಂದರು. ತಾಯಿ ಕಾರ್ಡಿನಲ್ಲಿ ಕೆಂಪು ಪೆನ್ನಿನಿಂದ ಬರೆದು ಕೆಳಗೆ ಗೆರೆ ಬೇರೆ ಎಳೆದರು. ಮನೆಯಲ್ಲಿ ಅವ್ವನ ಅಳು ಶುರುವಾಯಿತು. ಬುಧವಾರ ಪೇಟೆಯ ಒಂದು ಲ್ಯಾಬಿಗೆ ಕರೆದುಕೊಂಡು ಹೋದೆವು. ಅಲ್ಲಿ ತೋಳಿನಿಂದ ರಕ್ತ ತೆಗೆದು 9.9 ಅಂತ ರಿಪೋರ್ಟ್ ಕೊಟ್ಟರು. ಎರಡು ದಿನದಲ್ಲಿ ಒಂದೂವರೆ ಗ್ರಾಂ ಹೇಗೆ ಏರಿತು? ನಡುವೆ ಒಂದು ದಾಳಿಂಬೆ ತಿಂದಿದ್ದಾರೆ, ಅಷ್ಟೇ.

ಸಿಟ್ಟು ಬಂದು ಮೊಬೈಲ್ ಹಿಡಿದು ಕುಳಿತೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು, 2019ರಿಂದ 2021ರದ್ದು. ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57 ಜನರಿಗೆ ರಕ್ತ ಕಡಿಮೆಯಂತೆ. ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ಶೇ 67. ಅದರ ಹಿಂದಿನ ಸುತ್ತಿನಲ್ಲಿ, ಅಂದರೆ 2015-16ರಲ್ಲಿ, ಹೆಂಗಸರದ್ದು 53, ಮಕ್ಕಳದ್ದು 58.6 ಇತ್ತು. ಗುಳಿಗೆ ಹಂಚಿ ಹಂಚಿ ರಕ್ತ ಇನ್ನೂ ಇಳಿಯಿತಾ? ನಮ್ಮ ಓಣಿಯಲ್ಲಿ ಮನೆ ಮನೆ ಕೇಳಿದೆ, ಇಂಥ ಸಮೀಕ್ಷೆ ಅಂತ ಯಾರ ಬಾಗಿಲಿಗೂ ಯಾರೂ ಬಂದಿಲ್ಲ. ಒಬ್ಬ ಹೆಣ್ಣುಮಗಳ ರಕ್ತವನ್ನೇ ಇಬ್ಬರು ಎರಡು ಥರ ಅಳೆಯುವ ದೇಶದಲ್ಲಿ ಈ 57 ಅನ್ನೋದನ್ನು ಯಾಕೆ ನಂಬಬೇಕು? ತಿಳಿದವರು ಹೇಳಿ.

ಕುಂದಾ ಕಡ್ಡಾಯ (ಬೆಳಗಾವಿ)

ಒಂದು ದಾಳಿಂಬೆಗೆ ಒಂದೂವರೆ ಗ್ರಾಂ ಏರೋದಾದರೆ ನಿಮ್ಮ ಜಿಲ್ಲೆಯ ರೈತರು ಇಷ್ಟೊತ್ತಿಗೆ ವಿಮಾನದಲ್ಲಿ ಓಡಾಡಬೇಕಿತ್ತು.

ಲ್ಯಾಬ್ ಕಾಕಾ (ಬಾಗಲಕೋಟೆ)

ತಮ್ಮಾ, 22 ವರ್ಷದಿಂದ ಬೇರೆಯವರ ರಕ್ತ ನೋಡಿಯೇ ಹೊಟ್ಟೆ ಹೊರೆಯುತ್ತಿದ್ದೇನೆ, ಹೇಳುತ್ತೇನೆ ಕೇಳು. ಬೆರಳಿನ ರಕ್ತಕ್ಕೂ ನರದ ರಕ್ತಕ್ಕೂ ವ್ಯತ್ಯಾಸ ಬರುತ್ತದೆ. ಸೂಜಿ ಚುಚ್ಚಿದ ಮೇಲೆ ರಕ್ತ ತಾನಾಗಿ ಬರಬೇಕು. ಕೈ ತಣ್ಣಗಿದ್ದರೆ ಬರಲ್ಲ. ಆಗ ಏನು ಮಾಡುತ್ತಾರೆ? ಬೆರಳನ್ನು ನಿಂಬೆಹಣ್ಣು ಹಿಂಡಿದ ಹಾಗೆ ಹಿಂಡುತ್ತಾರೆ. ರಕ್ತದ ಜೊತೆ ಮಾಂಸದೊಳಗಿನ ನೀರೂ ಬರುತ್ತದೆ, ರಕ್ತ ತೆಳ್ಳಗಾಗುತ್ತದೆ, ಮಷಿನ್ ಕಡಿಮೆ ತೋರಿಸುತ್ತದೆ. ಮೊದಲ ಹನಿ ಒರೆಸಿ ಆಮೇಲಿನ ಹನಿ ತೆಗೆದುಕೊಳ್ಳಬೇಕು ಅನ್ನೋದು ನಿಯಮ. ಸಾಲಿನಲ್ಲಿ ನಲವತ್ತು ಜನ ನಿಂತಿದ್ದಾಗ ಅದು ಎಲ್ಲರಿಗೂ ನೆನಪಿರಲ್ಲ.

ಈಗ ಮುಖ್ಯ ಮಾತು. ಬಸುರಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 7ರಿಂದ 9.9ರ ತನಕ ಮಧ್ಯಮ ದರ್ಜೆ, 7ಕ್ಕಿಂತ ಕೆಳಗೆ ತೀವ್ರ. ನಿಮ್ಮ ವೈನಿಯ 8.4 ಕೂಡ ಮಧ್ಯಮ, 9.9 ಕೂಡ ಮಧ್ಯಮ. ಲ್ಯಾಬಿನ ರಿಪೋರ್ಟ್ ಹಿಡಿದು ಪೇಢಾ ಹಂಚಬೇಡಿ. ಸಿಸ್ಟರ್ ಕೆಂಪು ಗೆರೆ ಎಳೆದಿದ್ದು ಸರಿಯೇ ಇದೆ.

ಗುಮ್ಮಟದ ನೆರಳು

ಕಾಕಾ, ಪೇಢಾ ಆಗಲೇ ಹಂಚಿದ್ದೇವೆ 🙈

ಅಂಕಿ ಮೇಷ್ಟ್ರು (ಬೆಳಗಾವಿ)

ಕಾಕಾ ಹೇಳಿದ್ದು ದೇಶದ ಲೆಕ್ಕದಲ್ಲೂ ಕಾಣುತ್ತದೆ. ಕುಟುಂಬ ಆರೋಗ್ಯ ಸಮೀಕ್ಷೆಯವರು ಬೆರಳು ಚುಚ್ಚಿಯೇ ನೋಡುವುದು. ನಾಲ್ಕನೇ ಸುತ್ತಿನಲ್ಲಿ ಐದು ವರ್ಷದೊಳಗಿನ ಮಕ್ಕಳದ್ದು 58.6 ಬಂತು ಅಂತ ನೀವೇ ಬರೆದಿದ್ದೀರಿ. ಅದೇ ಹೊತ್ತಿಗೆ, 2016ರಿಂದ 18ರಲ್ಲಿ, ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ ಅಂತ ಇನ್ನೊಂದು ನಡೆಯಿತು. ಅವರು ಮಕ್ಕಳ ನರದಿಂದ ರಕ್ತ ತೆಗೆದರು. ಒಂದರಿಂದ ನಾಲ್ಕು ವರ್ಷದವರಲ್ಲಿ ಶೇ 41 ಬಂತು. ವಯಸ್ಸಿನ ಗುಂಪು ಸ್ವಲ್ಪ ಬೇರೆ, ಒಪ್ಪುತ್ತೇನೆ. ಒಂದು ವರ್ಷದೊಳಗಿನ ಕೂಸುಗಳು ಅದರಲ್ಲಿ ಇಲ್ಲ. ಆದರೂ ಇಷ್ಟು ದೊಡ್ಡ ಅಂತರಕ್ಕೆ ಬರೀ ವಯಸ್ಸು ಕಾರಣ ಆಗಲ್ಲ.

ನಿಮ್ಮ ಓಣಿಗೆ ಬಂದಿಲ್ಲ ಅನ್ನೋದು ಮಾತ್ರ ದೂರೇ ಅಲ್ಲ. ಐದನೇ ಸುತ್ತಿನಲ್ಲಿ 707 ಜಿಲ್ಲೆ, ಒಟ್ಟು 6.37 ಲಕ್ಷ ಮನೆ. ಭಾಗಿಸಿ ನೋಡಿ, ಜಿಲ್ಲೆಗೆ ಸರಾಸರಿ 900 ಮನೆ. 2011ರ ಜನಗಣತಿಯಲ್ಲೇ ವಿಜಯಪುರ ಜಿಲ್ಲೆಯಲ್ಲಿ 21 ಲಕ್ಷಕ್ಕಿಂತ ಜಾಸ್ತಿ ಜನ ಇದ್ದರು. ಅಷ್ಟರಲ್ಲಿ ನಿಮ್ಮ ಬಾಗಿಲು ಬಡಿದಿದ್ದರೆ ನೀವು ಲಾಟರಿ ಟಿಕೆಟ್ ತೆಗೆದುಕೊಳ್ಳಬಹುದಿತ್ತು. ಅನ್ನ ಬೆಂದಿದೆಯಾ ನೋಡಲು ಒಂದು ಅಗುಳು ಹಿಚುಕಿದರೆ ಸಾಲದಾ?

ಮಲಪ್ರಭಾ ದಂಡೆ (ರಾಮದುರ್ಗ)

ಸರ್, ಅಗುಳಿನ ಮಾತು ಅನ್ನಕ್ಕೆ ಸರಿ. ನಮ್ಮ ಕಡೆ ಜೋಳದ ನುಚ್ಚು ಮಾಡುತ್ತಾರೆ. ಮೇಲೆ ಹಸಿ, ನಡುವೆ ಬೆಂದಿರುತ್ತದೆ, ತಳದಲ್ಲಿ ಸೀದಿರುತ್ತದೆ. ಎಲ್ಲಿಂದ ಸೌಟು ಹಾಕಿದಿರಿ ಅನ್ನೋದರ ಮೇಲೆ ಹೋಗುತ್ತದೆ.

ಅಂಕಿ ಮೇಷ್ಟ್ರು

ಹೌದು ಸ್ವಾಮಿ, ಅದಕ್ಕೇ ಮೊದಲು ಚೆನ್ನಾಗಿ ತಿರುವಬೇಕು. ಊರುಗಳನ್ನು ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ, ಆ ಊರೊಳಗೆ ಮನೆಗಳನ್ನೂ ಹಾಗೆಯೇ. ತಿರುವೋದು ಅಂದರೆ ಅದೇ. ನಾಳೆಯಿಂದ ತರಗತಿಯಲ್ಲಿ ಅನ್ನ ಬಿಟ್ಟು ನುಚ್ಚಿನ ಉದಾಹರಣೆ ಕೊಡುತ್ತೇನೆ, ಬೇಜಾರಿಲ್ಲ ಅಲ್ವಾ?

ಖಾರ ಶೇಂಗಾ

ನುಚ್ಚಿಗೆ ಮಜ್ಜಿಗೆ ಇರಲಿ ಸರ್.

ಗೋವಾ ರಿಟರ್ನ್ (ಮುದ್ದೇಬಿಹಾಳ ತಾಲ್ಲೂಕು)

ತಿರುವಿದರೂ ಕೆಲವು ಕಾಳು ಪಾತ್ರೆಯಲ್ಲೇ ಇರಲ್ಲವಲ್ಲ ಸರ್? ನಾನು ಹನ್ನೊಂದು ವರ್ಷ ವಾಸ್ಕೋದಲ್ಲಿ ಗೌಂಡಿ ಕೆಲಸ ಮಾಡಿದೆ. ದೀಪಾವಳಿ ಮುಗಿದರೆ ನಮ್ಮ ತಾಂಡಾದಲ್ಲಿ ಅರ್ಧಕ್ಕರ್ಧ ಮನೆಗೆ ಬೀಗ. ಗಂಡ ಹೆಂಡತಿ ಕೂಸು ಎಲ್ಲ ಗುಳೆ ಹೋಗುತ್ತಾರೆ. ಒಂದಷ್ಟು ಜನ ಗೋವಾ, ಒಂದಷ್ಟು ಜನ ಪುಣೆ ಕಡೆ, ಉಳಿದವರು ಕಬ್ಬು ಕಡಿಯೋ ಗ್ಯಾಂಗು. ಮನೆಯಲ್ಲಿ ಉಳಿಯೋದು ಮುದುಕರು ಮತ್ತು ಶಾಲೆಗೆ ಹೋಗೋ ಮಕ್ಕಳು. ಸಮೀಕ್ಷೆಯವರು ಬಂದರೆ ಬೀಗ ನೋಡಿ ಮುಂದೆ ಹೋಗುತ್ತಾರೆ. ಅಲ್ಲಿ ಗೋವಾದಲ್ಲಿ ನಾವು ಇದ್ದಿದ್ದು ತಗಡಿನ ಶೆಡ್ಡು. ಕಾಂಟ್ರಾಕ್ಟರ್ ಎರಡು ತಿಂಗಳಿಗೊಮ್ಮೆ ಸೈಟ್ ಬದಲಿಸುತ್ತಿದ್ದ. ಅಲ್ಲಿಯ ಪಟ್ಟಿಯಲ್ಲಿ ನಮ್ಮ ಶೆಡ್ಡು ಇರುತ್ತಿತ್ತಾ? ನನ್ನ ಹೆಂಡತಿ ಎರಡನೇ ಬಸಿರಿನಲ್ಲಿ ಏಳು ತಿಂಗಳ ತನಕ ಇಟ್ಟಿಗೆ ಹೊತ್ತಳು. ತಾಯಿ ಕಾರ್ಡು ಊರಲ್ಲಿ ಟ್ರಂಕಿನೊಳಗೆ, ಅವಳು ವಾಸ್ಕೋದಲ್ಲಿ. ಅವಳ ರಕ್ತ ಎಷ್ಟಿತ್ತು ಅಂತ ಯಾವ ಮಷಿನ್ನೂ ನೋಡಿಲ್ಲ. ನನ್ನ ಲೆಕ್ಕದಲ್ಲಿ ನಿಮ್ಮ 57 ಕಡಿಮೆಯೇ ಆಯಿತು.

ಅಂಕಿ ಮೇಷ್ಟ್ರು

ಅಣ್ಣಾ, ಇದಕ್ಕೆ ನನ್ನ ಹತ್ತಿರ ಉತ್ತರ ಕಡಿಮೆ. ಬೀಗ ಹಾಕಿದ ಮನೆಗೆ ಮತ್ತೆ ಮತ್ತೆ ಹೋಗಬೇಕು ಅನ್ನೋ ನಿಯಮ ಇದೆ, ಆದರೆ ನಾಲ್ಕು ತಿಂಗಳ ಬೀಗಕ್ಕೆ ಅದು ಸಾಲಲ್ಲ. ಇದೇ ಗುಳೆ ಇನ್ನೊಂದು ಕಡೆ ತಮಾಷೆ ಮಾಡಿತು, ನೆನಪಿದೆಯಾ? ಇದೇ ಐದನೇ ಸುತ್ತಿನಲ್ಲಿ ಸಾವಿರ ಗಂಡಸರಿಗೆ 1,020 ಹೆಂಗಸರು ಅಂತ ಬಂದಾಗ ಟಿವಿಯವರು ಭಾರತದಲ್ಲಿ ಹೆಣ್ಣು ಜಾಸ್ತಿ ಆಯಿತು ಅಂತ ಕುಣಿದರು. 2011ರ ಜನಗಣತಿಯಲ್ಲಿ ಅದು 943 ಇತ್ತು. ಸಮೀಕ್ಷೆ ಲೆಕ್ಕ ಹಾಕೋದು ಹಿಂದಿನ ರಾತ್ರಿ ಮನೆಯಲ್ಲಿ ಮಲಗಿದ್ದವರನ್ನು. ಗಂಡಸರು ದುಡಿಯಲು ಹೋಗಿದ್ದರೆ, ಹಾಸ್ಟೆಲ್, ಶೆಡ್ಡು, ಲಾರಿಯಲ್ಲಿ ಮಲಗಿದ್ದರೆ ಲೆಕ್ಕಕ್ಕೆ ಸಿಗಲ್ಲ. ಹುಟ್ಟುವಾಗಿನ ಲೆಕ್ಕ ನೋಡಿದರೆ ಅದೇ ವರದಿಯಲ್ಲಿ ಸಾವಿರ ಗಂಡು ಕೂಸಿಗೆ 929 ಹೆಣ್ಣು ಕೂಸು. ಅದನ್ನು ಯಾರೂ ಬ್ರೇಕಿಂಗ್ ನ್ಯೂಸ್ ಮಾಡಲಿಲ್ಲ.

ಮಲಪ್ರಭಾ ದಂಡೆ

ಇನ್ನೊಂದು ಹೇಳುತ್ತೇನೆ. ಕರ್ನಾಟಕದ ಸಮೀಕ್ಷೆ ನಡೆದಿದ್ದು 2019ರ ಜುಲೈನಿಂದ ಡಿಸೆಂಬರ್ ನಡುವೆ. ಆ ಆಗಸ್ಟ್ ಮರೆತಿರಾ? ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಬಂದವು. ನಮ್ಮ ಮನೆಯಲ್ಲಿ ಕಿಟಕಿ ತನಕ ನೀರು. ಹನ್ನೆರಡು ದಿನ ಗಂಜಿ ಕೇಂದ್ರದಲ್ಲಿ ಇದ್ದೆವು. ಆಗ ಬೆರಳು ಚುಚ್ಚಲು ಯಾರಾದರೂ ಬಂದಿದ್ದರೆ ಎಲ್ಲರದ್ದೂ ಕಡಿಮೆಯೇ ಬರುತ್ತಿತ್ತು.

ಕುಂದಾ ಕಡ್ಡಾಯ

ಹನ್ನೆರಡು ದಿನ ಅನ್ನ ಸಾರಿಗೆ ಹಿಮೋಗ್ಲೋಬಿನ್ ಇಳಿಯಲ್ಲ ಅಣ್ಣ. ಅದು ತಿಂಗಳುಗಟ್ಟಲೆ ಇಳಿಯೋ ಸಾಮಾನು. ಕಾಕಾ, ಸರಿ ತಾನೇ?

ಲ್ಯಾಬ್ ಕಾಕಾ

ಸರಿ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಆದರೆ ಅವನ ಸಿಟ್ಟು ನನಗೆ ಅರ್ಥವಾಗುತ್ತದೆ ಬಿಡಪ್ಪ, ನಮ್ಮ ಅತ್ತೆ ಮನೆಯೂ ಹೋಯಿತು.

ನಿವೃತ್ತ ಸಿಸ್ಟರ್ (ಗೋಕಾಕ ತಾಲ್ಲೂಕು)

ಎಲ್ಲರೂ ಮಷಿನ್ ಬಗ್ಗೆ ಮಾತಾಡುತ್ತಿದ್ದೀರಿ. ಗುಳಿಗೆ ಬಗ್ಗೆ ನಾನು ಹೇಳುತ್ತೇನೆ. 31 ವರ್ಷ ಉಪಕೇಂದ್ರದಲ್ಲಿ ಕೆಲಸ ಮಾಡಿದವಳು. ಬಸುರಿಗೆ 180 ಕಬ್ಬಿಣದ ಗುಳಿಗೆ ಕೊಡಬೇಕು. ಕೊಡುತ್ತಿದ್ದೆ, ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆ, ತಿಂಗಳ ವರದಿ ಮೇಲಕ್ಕೆ ಹೋಗುತ್ತಿತ್ತು. ಒಂದು ದಿನ ಒಬ್ಬ ಹುಡುಗಿಯ ಮನೆ ಹಿಂದಿನ ತಿಪ್ಪೆಯಲ್ಲಿ ಕೆಂಪು ಗುಳಿಗೆ ಚೆಲ್ಲಿ ಬಿದ್ದಿದ್ದು ನೋಡಿದೆ. ಕೋಳಿ ಕೆದರುತ್ತಿತ್ತು. ಸಿಟ್ಟು ಬಂತು, ಬೈದೆ. ಆ ಹುಡುಗಿ ಏನು ಹೇಳಿದಳು ಗೊತ್ತಾ? ಬಾಯೇರ, ತಿಂದರೆ ವಾಂತಿ ಬರುತ್ತದೆ, ಸಂಡಾಸು ಕಪ್ಪಗಾಗುತ್ತದೆ, ಕೂಸೂ ಕಪ್ಪಾಗುತ್ತದೆ ಅಂತ ಅತ್ತೆ ಹೇಳುತ್ತಾಳೆ, ಬ್ಯಾಡ ಅಂದರೆ ನಿಮಗೆ ಬೇಜಾರು, ಅದಕ್ಕೆ ತಗೊಂಡು ಇಟ್ಟಿದ್ದೆ.

ನನ್ನ ರಿಜಿಸ್ಟರಿನ ಪ್ರಕಾರ ಅವಳಿಗೆ 180 ಮುಟ್ಟಿತ್ತು. ಸುಳ್ಳು ಬರೆದಿರಲಿಲ್ಲ ನಾನು. ಇಲಾಖೆಯ ಲೆಕ್ಕದಲ್ಲಿ ಕೊಟ್ಟಿದ್ದು ಇರುತ್ತದೆ, ಹೊಟ್ಟೆಗೆ ಹೋಗಿದ್ದು ಇರಲ್ಲ. ಮನೆಗೆ ಹೋಗಿ ಎಷ್ಟು ದಿನ ತಿಂದೆ ತಾಯಿ ಅಂತ ಕೇಳೋದು ಈ ಸಮೀಕ್ಷೆಯವರು ಮಾತ್ರ. ಅದರಲ್ಲಿ ನೋಡಿ, ಐದನೇ ಸುತ್ತಿನಲ್ಲಿ 180 ದಿನ ತಿಂದವರು ದೇಶದಲ್ಲಿ ಶೇ 26. ನೂರು ದಿನವಾದರೂ ತಿಂದವರು 44. ಹಿಂದಿನ ಸುತ್ತಿನಲ್ಲಿ ಅದು 14 ಮತ್ತು 30 ಇತ್ತು. ಅಂದರೆ ತಿನ್ನೋರು ಜಾಸ್ತಿ ಆಗಿದ್ದಾರೆ, ಆದರೂ ಮುಕ್ಕಾಲು ಪಾಲು ಜನ ಪೂರ್ತಿ ತಿಂದಿಲ್ಲ.

ತಮ್ಮಾ ವಿಜಯಪುರದವನೇ, ನಿನ್ನ ವೈನಿಗೆ ಹೇಳು. ಗುಳಿಗೆ ತಿಂದು ಮೇಲೆ ಚಹಾ ಕುಡಿಯಬಾರದು, ಹಿಂದೆ ಮುಂದೆ ಒಂದು ತಾಸು ಬಿಡಬೇಕು. ಕ್ಯಾಲ್ಸಿಯಂ ಗುಳಿಗೆ ಬೇರೆ ಹೊತ್ತಿನಲ್ಲಿ. ನಿಂಬೆಹಣ್ಣಿನ ಪಾನಕದ ಜೊತೆ ನುಂಗಿದರೆ ಒಳ್ಳೆಯದು. ಇಂಡಿ ನಿಂಬೆಹಣ್ಣಿಗೆ ನಿಮ್ಮ ಜಿಲ್ಲೆಯಲ್ಲಿ ಬರ ಇಲ್ಲವಲ್ಲ.

ಗುಮ್ಮಟದ ನೆರಳು

ಅಕ್ಕಾರೇ, ನೀವು ನಮ್ಮ ಮನೆಗೆ ಬಂದು ನೋಡಿದಂತಿದೆ. ವೈನಿ ಊಟ ಆದ ಕೂಡಲೇ ಚಹಾ ಜೊತೆಗೇ ಗುಳಿಗೆ ನುಂಗುತ್ತಿದ್ದರು. ಚಹಾ ಮಾಡಿ ಕೊಡುತ್ತಿದ್ದದ್ದು ನಾನೇ.

ಖಾರ ಶೇಂಗಾ

ಅಪರಾಧಿ ಸಿಕ್ಕ.

ಇಳಕಲ್ ಸೆರಗು (ಹುನಗುಂದ)

ರೊಟ್ಟಿ ಬಿಟ್ಟಿದ್ದೂ ಒಂದು ಕಾರಣ ಅಂತ ನನಗೆ ಅನಿಸುತ್ತದೆ. ನಮ್ಮ ಅಜ್ಜಿ ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿದರೆ ತಿಂಗಳಿಗಾಗುವಷ್ಟು ಇರುತ್ತಿತ್ತು. ಈಗ ನನ್ನ ಮಗಳಿಗೆ ಮೂರು ಹೊತ್ತೂ ಅನ್ನವೇ ಬೇಕು. 100 ಗ್ರಾಂ ಸಜ್ಜೆಯಲ್ಲಿ ಕಬ್ಬಿಣ 6 ಮಿಲಿಗ್ರಾಂ ದಾಟುತ್ತದೆ, ಜೋಳದಲ್ಲಿ ಸುಮಾರು 4, ಪಾಲಿಶ್ ಮಾಡಿದ ಅಕ್ಕಿಯಲ್ಲಿ 1 ಕೂಡ ಇಲ್ಲ. ರೇಷನ್ ಅಕ್ಕಿ ಬಂದ ಮೇಲೆ ಜೋಳ ಬಿತ್ತುವವರೇ ಕಡಿಮೆ ಆದರು.

ಲ್ಯಾಬ್ ಕಾಕಾ

ಅಕ್ಕಾ, ಮಾತು ಸರಿ, ಆದರೆ ಕಾಳಿನಲ್ಲಿರುವ ಕಬ್ಬಿಣ ಎಲ್ಲ ಮೈಗೆ ಹತ್ತಲ್ಲ. ಅದಕ್ಕೆ ಹುಳಿ ಬೇಕು. ಪುಂಡಿ ಪಲ್ಯ ಮಾಡಿದವರು ಸುಮ್ನೆ ಮಾಡಿಲ್ಲ.

ಕುಂದಾ ಕಡ್ಡಾಯ

ಹಾಗಾದರೆ ಮೊಟ್ಟೆ? 2021ರ ಡಿಸೆಂಬರ್‌ನಲ್ಲಿ ಶಾಲೆಯಲ್ಲಿ ಮೊಟ್ಟೆ ಕೊಡಲು ಶುರು ಮಾಡಿದ ಏಳು ಜಿಲ್ಲೆಗಳಲ್ಲಿ ವಿಜಯಪುರವೂ ಇತ್ತು. ಬೇಡ ಅಂದವರಿಗೆ ಬಾಳೆಹಣ್ಣು. ಆಗ ಎಷ್ಟು ಗಲಾಟೆ ಆಯಿತು.

ಲ್ಯಾಬ್ ಕಾಕಾ

ಮೊಟ್ಟೆ ಮೈ ಬೆಳೆಯಲು ಬಹಳ ಒಳ್ಳೆಯದು, ರಕ್ತಕ್ಕೆ ಅಷ್ಟೇನೂ ಇಲ್ಲ. ಮೊಟ್ಟೆ ಜಗಳ ಇಲ್ಲಿ ಬೇಡಪ್ಪಾ, ಮೂರು ದಿನ ಮುಗಿಯಲ್ಲ.

ಮಲಪ್ರಭಾ ದಂಡೆ

ಅಂಕಿ ಮೇಷ್ಟ್ರೇ, ನನಗೊಂದು ಸಂಶಯ. ಬೆರಳಿನಿಂದ ತೆಗೆದರೆ ಜಾಸ್ತಿ ಜನಕ್ಕೆ ರಕ್ತಹೀನತೆ, ನರದಿಂದ ತೆಗೆದರೆ ಕಡಿಮೆ ಜನಕ್ಕೆ ಅಂದಿರಿ. ಹಾಗಾದರೆ ಸರ್ಕಾರಕ್ಕೆ ಸುಲಭ ಆಯಿತು. ಗುಳಿಗೆ, ಊಟ ಏನೂ ಕೊಡದೆ ಬರೀ ಸೂಜಿ ಬದಲಿಸಿದರೆ ಸಾಕು, ಮರುವರ್ಷ ಅಂಕಿ ಇಳಿಯುತ್ತದೆ. ಆರನೇ ಸುತ್ತಿನಲ್ಲಿ ರಕ್ತಹೀನತೆಯ ಪರೀಕ್ಷೆಯನ್ನೇ ಕೈಬಿಟ್ಟರು ಅಲ್ವಾ?

ಅಂಕಿ ಮೇಷ್ಟ್ರು

ಕೈಬಿಟ್ಟರು. ಆಹಾರ ಮತ್ತು ರಕ್ತದ ಲೆಕ್ಕಕ್ಕೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮೂಲಕ ಬೇರೆ ಸಮೀಕ್ಷೆ ಅಂತ ಮಾಡಿದರು, ಅದರಲ್ಲಿ ನರದ ರಕ್ತ. ಅಳತೆಯಾಗಿ ಅದು ಉತ್ತಮ. ತೊಂದರೆ ನೀವು ಹೇಳಿದ ಕಡೆಯೇ ಇದೆ. ತಕ್ಕಡಿ ಬದಲಾದರೆ ಹಳೆಯ ತೂಕದ ಪಕ್ಕದಲ್ಲಿ ಹೊಸ ತೂಕ ಇಟ್ಟು ನೋಡಲು ಬರಲ್ಲ. ಹೊಸ ಅಂಕಿ ಕಡಿಮೆ ಬಂದರೆ ಯಾವ ಮಂತ್ರಿಯೂ ಅದು ಸೂಜಿಯಿಂದ ಇಳಿದದ್ದು ಅಂತ ಹೇಳಲ್ಲ.

ಆದರೆ ಹಳೆಯ ತಕ್ಕಡಿಯಲ್ಲೇ ನೋಡಿ. ನಾಲ್ಕರಲ್ಲೂ ಬೆರಳು, ಐದರಲ್ಲೂ ಬೆರಳು. ತಪ್ಪಿದ್ದರೆ ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ ತಪ್ಪು. ಆದರೂ 53 ಇದ್ದದ್ದು 57 ಆಯಿತು. ಕರ್ನಾಟಕದಲ್ಲಿ ಹೆಂಗಸರದ್ದು 44.8ರಿಂದ 47.8ಕ್ಕೆ ಏರಿತು, ಮಕ್ಕಳದ್ದು 60.9ರಿಂದ 65.5ಕ್ಕೆ. ನಮ್ಮ ರಾಜ್ಯದ ಸಮೀಕ್ಷೆ ಕೋವಿಡ್‌ಗೂ ಮೊದಲೇ ಮುಗಿದಿತ್ತು, ಹಾಗಾಗಿ ಲಾಕ್‌ಡೌನ್ ಮೇಲೆ ಹಾಕುವಂತಿಲ್ಲ. 57 ಅನ್ನೋದು 50 ಇರಬಹುದು, 45 ಇರಬಹುದು. ಇಳಿಯಲಿಲ್ಲ ಅನ್ನೋದು ನನ್ನ ಪ್ರಕಾರ ಗಟ್ಟಿ.

ಇಳಕಲ್ ಸೆರಗು

ವಿಷಯ ಬದಲಿಸುತ್ತೇನೆ, ಬೈಯಬೇಡಿ. ಅದೇ ವರದಿಯಲ್ಲಿ ಸಿಸೇರಿಯನ್ ನೋಡಿದಿರಾ? ದೇಶದಲ್ಲಿ 2005-06ರಲ್ಲಿ ಶೇ 8.5, ಐದನೇ ಸುತ್ತಿನಲ್ಲಿ 21.5. ನಮ್ಮ ಕರ್ನಾಟಕದಲ್ಲಿ 31.5. ಖಾಸಗಿ ಆಸ್ಪತ್ರೆಗಳನ್ನೇ ನೋಡಿದರೆ ದೇಶದಲ್ಲಿ 47, ಅಂದರೆ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ಸರ್ಕಾರಿಯಲ್ಲಿ 14. ನನ್ನ ಎರಡೂ ಹೆರಿಗೆ ಆಪರೇಷನ್. ಮೊದಲನೆಯದಕ್ಕೆ ಕಾರಣ ಇತ್ತು, ಕೂಸು ಅಡ್ಡ ಇತ್ತು. ಎರಡನೆಯದಕ್ಕೆ ಕೇಳಿದರೆ ಮೊದಲನೆಯದು ಆಪರೇಷನ್ ಆಗಿದೆಯಲ್ಲ ಅಂದರು. ಆಪರೇಷನ್ ಅಂದರೆ ರಕ್ತವೂ ಜಾಸ್ತಿ ಹೋಗುತ್ತದೆ. ಇದಕ್ಕೂ ರಕ್ತಹೀನತೆಗೂ ಸಂಬಂಧ ಇಲ್ಲವಾ?

ಖಾರ ಶೇಂಗಾ

ದುಡ್ಡಿಗೆ ಸಂಬಂಧ ಇದೆ.

ನಿವೃತ್ತ ಸಿಸ್ಟರ್

ಎಲ್ಲ ದುಡ್ಡಿಗೆ ಅನ್ನಬೇಡ. ಮುಹೂರ್ತ ನೋಡಿಕೊಂಡು ಬಂದು ಗುರುವಾರ ಹನ್ನೊಂದೂವರೆಗೇ ಕೂಸು ಹೊರಗೆ ಬರಬೇಕು ಅಂತ ಡಾಕ್ಟರ ಮುಂದೆ ಕೂತವರನ್ನು ನಾನೇ ನೋಡಿದ್ದೇನೆ. ಮನೆಯಲ್ಲಿ ಹೆರುತ್ತಿದ್ದ ಕಾಲವನ್ನೂ ನೋಡಿದ್ದೇನೆ. ಹೆತ್ತ ಮೇಲೆ ರಕ್ತ ನಿಲ್ಲದೆ, ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹೋಗುವಾಗ ಕೈಯಲ್ಲೇ ಹೋದ ಹೆಣ್ಣುಮಕ್ಕಳಿದ್ದಾರೆ. ಮೊದಲೇ ರಕ್ತ ಕಡಿಮೆ ಇದ್ದವಳಿಗೆ ಅರ್ಧ ತಂಬಿಗೆ ಹೋದರೂ ತಡೆಯಲ್ಲ.

ನಿಮಗೆ ಗೊತ್ತಿರಲಿಕ್ಕಿಲ್ಲ, ಇದರ ಮೇಲೆ ಜಗತ್ತಿನ ದೊಡ್ಡ ಅಧ್ಯಯನವೊಂದು ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲೇ ಆಯಿತು. ಹೆರಿಗೆ ಆದ ಕೂಡಲೇ ಮಿಸೊಪ್ರೊಸ್ಟಾಲ್ ಗುಳಿಗೆ ಬಾಯಿಗೆ ಕೊಡೋದು. ಸೂಜಿ ಬೇಡ, ಫ್ರಿಜ್ ಬೇಡ, ಡಾಕ್ಟರ್ ಬೇಡ, ಕೊಟ್ಟಿದ್ದು ನಮ್ಮಂಥ ಎಎನ್‌ಎಂಗಳು, ಅಂದರೆ ಉಪಕೇಂದ್ರದ ಸಿಸ್ಟರ್‌ಗಳು. 1,620 ತಾಯಂದಿರು. ಬರೀ ಹುಸಿ ಗುಳಿಗೆ ತಗೊಂಡವರಲ್ಲಿ ನೂರಕ್ಕೆ 12 ಜನರಿಗೆ ರಕ್ತಸ್ರಾವ ಆಯಿತು, ನಿಜವಾದ ಗುಳಿಗೆ ತಗೊಂಡವರಲ್ಲಿ 6.4. 2006ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕೆ ಆ ಗುಳಿಗೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ದೇಶದಲ್ಲಿ ಒಂದು ಲಕ್ಷ ಹೆರಿಗೆಗೆ ತಾಯಿ ಸಾವು 2018-20ರಲ್ಲಿ 97ಕ್ಕೆ ಇಳಿಯಿತು, ಕರ್ನಾಟಕದಲ್ಲಿ 69. ಅಂಕಿ ಅಂದರೆ ಬರೀ ಮೋಸ ಅಂತ ಇಲ್ಲಿ ಕೆಲವರು ಬರೆದಿದ್ದು ಓದಿ ಬೇಜಾರಾಯಿತು, ಅದಕ್ಕೇ ಇಷ್ಟುದ್ದ ಬರೆದೆ.

ಕುಂದಾ ಕಡ್ಡಾಯ

ಇದು ನನಗೆ ನಿಜಕ್ಕೂ ಗೊತ್ತಿರಲಿಲ್ಲ ಸಿಸ್ಟರ್. ಹುಟ್ಟಿ ಬೆಳೆದದ್ದೆಲ್ಲ ಟಿಳಕವಾಡಿ. ದಿನಾ ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ವಾಕಿಂಗ್ ಮಾಡುತ್ತೇನೆ, ಆ ಹೆಸರು ಯಾಕೆ ಬಂತು ಅಂತಲೂ ಒಂದು ದಿನ ಯೋಚಿಸಿಲ್ಲ.

ಮಲಪ್ರಭಾ ದಂಡೆ

ಸಿಸ್ಟರ್, ನಾನು ಮೋಸ ಅಂದಿಲ್ಲ, ಸಂಶಯ ಅಂದೆ. ಸಂಶಯಕ್ಕೆ ಕಾರಣವೂ ಇದೆ. ನಮ್ಮ ಮುತ್ಯಾ ಮನೆಯಲ್ಲೇ ತೀರಿಕೊಂಡರು. ಪಂಚಾಯ್ತಿಯಲ್ಲಿ ಏನಾಗಿತ್ತು ಅಂದರು, ವಯಸ್ಸಾಗಿತ್ತು ಅಂದೆವು, ಬರೆದುಕೊಂಡರು. ಮುಗಿಯಿತು. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ಡಾಕ್ಟರು ಕಾರಣ ಬರೆದುಕೊಟ್ಟದ್ದು ಶೇ 22.5 ಮಾತ್ರ. ಉಳಿದವರೆಲ್ಲ ವಯಸ್ಸಾಗಿಯೇ ಸತ್ತರಾ? 2021ರಲ್ಲಿ ನೋಂದಣಿಯಾದ ಸಾವು 1.02 ಕೋಟಿ, ಅದರ ಹಿಂದಿನ ವರ್ಷ 81 ಲಕ್ಷ. ಈ ಲೆಕ್ಕ ಹೊರಗೆ ಬಂದಿದ್ದು 2025ರಲ್ಲಿ. ನಾಲ್ಕು ವರ್ಷ ಆದ ಮೇಲೆ.

ಗೋವಾ ರಿಟರ್ನ್

ನಮ್ಮ ತಮ್ಮ ಆ ವರ್ಷವೇ ಹೋದ. ಅವನು ಯಾವ ಅಂಕಿಯಲ್ಲಿ ಸೇರಿದ್ದಾನೋ.

ಅಂಕಿ ಮೇಷ್ಟ್ರು

🙏 ಬೇಜಾರು ಮಾಡಿಕೊಳ್ಳಬೇಡಿ ಅಣ್ಣಾ.

ಲ್ಯಾಬ್ ಕಾಕಾ

ಒಂದು ಮಾತು ಯಾರೂ ಹೇಳಲಿಲ್ಲ. ಎಲ್ಲ ಹೆಂಗಸರ ರಕ್ತದ ಬಗ್ಗೆಯೇ ನಡೆದಿದೆ. ಅದೇ ಸಮೀಕ್ಷೆಯಲ್ಲಿ ಗಂಡಸರೂ ನಾಲ್ಕರಲ್ಲಿ ಒಬ್ಬರು ರಕ್ತಹೀನರು, ಶೇ 25. ಗಂಡಸಿಗೆ 13 ಬೇಕು. ನನ್ನ ಲ್ಯಾಬಿಗೆ ಹೆಂಡತಿಯನ್ನು ಕರೆದುಕೊಂಡು ಬಂದವರು ಪಕ್ಕದ ಸ್ಟೂಲಿನಲ್ಲಿ ಕೂತು ಗುಟ್ಕಾ ಜಗಿಯುತ್ತಿರುತ್ತಾರೆ, ನಿಮ್ಮದೂ ನೋಡಲಾ ಅಂದರೆ ನನಗೇನಾಗಿದೆ ಅನ್ನುತ್ತಾರೆ. ಗುಮ್ಮಟದ ತಮ್ಮಾ, ನೀನು ಯಾವಾಗ ಚೆಕ್ ಮಾಡಿಸಿದ್ದೆ?

ಗುಮ್ಮಟದ ನೆರಳು

ಕಾಕಾ, ಸವಾಲು ಹಾಕಿದಿರಿ ಅಂತ ಇವತ್ತು ಅದೇ ಲ್ಯಾಬಿಗೆ ಹೋಗಿದ್ದೆ. ತೋಳಿನಿಂದಲೇ ಕೊಟ್ಟೆ. 12.6. ಈಗ ಅವ್ವ ವೈನಿಯನ್ನು ಬಿಟ್ಟು ನನ್ನನ್ನು ನೋಡಿ ಅಳುತ್ತಿದ್ದಾರೆ. ಮನೆಯಲ್ಲಿ ಚಹಾಕ್ಕೆ ಹೊತ್ತು ನಿಗದಿ ಆಗಿದೆ, ನಿಂಬೆಹಣ್ಣು ತಂದಿದ್ದೇನೆ. ಶುಕ್ರವಾರ ಸಿಸ್ಟರ್ ಮತ್ತೆ ಬೆರಳು ಚುಚ್ಚಲು ಬರುತ್ತಾರೆ. ಮೊದಲ ಹನಿ ಒರೆಸಿ, ಹಿಂಡಬೇಡಿ ಅಂತ ನಾನು ಹೇಳಿದರೆ ಬೈಸಿಕೊಳ್ಳುತ್ತೇನಾ?

ನಿವೃತ್ತ ಸಿಸ್ಟರ್

ಬೈಯುತ್ತಾರೆ. ಮೊದಲು ವೈನಿಯ ಕೈಯನ್ನು ಬಿಸಿನೀರಿನಲ್ಲಿ ಎರಡು ನಿಮಿಷ ಇಡಿಸು. ಒಳ್ಳೆಯ ಚಹಾ ಮಾಡಿ ಸಿಸ್ಟರ್‌ಗೆ ಕೊಡು. ಆಮೇಲೆ ಹೇಳು.